ಪಾರ್ಸಲ್ಲಿಗೊಂದು ಪ್ರತ್ಯೇಕ ಗಾಡಿ: ಡೀಸೆಲ್ ರೈಲುಕಾರಿನ ಕಥೆ ಮತ್ತು ನಮ್ಮ ಭಾಗದ ರೈಲು

ಕಳೆದ ವರ್ಷ ಎಂಟನೆಯ ತರಗತಿಯ ಒಬ್ಬ ವಿದ್ಯಾರ್ಥಿ ಶಾಲೆಯ ಗ್ರಂಥಾಲಯದಿಂದ ರೈಲುಗಳ ಒಂದು ಹಳೆಯ ಚಿತ್ರಪುಸ್ತಕವನ್ನು ತಂದು ನನ್ನ ಮುಂದೆ ಹಿಡಿದ. ಆ ಪುಟದಲ್ಲಿ ಒಂದೇ ಒಂದು ಡಬ್ಬಿಯ ಚಿತ್ರವಿತ್ತು. ಮುಂದೆ ಎಳೆಯುವ ಇಂಜಿನ್ ಇಲ್ಲ, ಹಿಂದೆ ಬೇರೆ ಡಬ್ಬಿಗಳಿಲ್ಲ, ಪಕ್ಕದಲ್ಲಿ ಪ್ರಯಾಣಿಕರ ಕಿಟಕಿಗಳೂ ಇಲ್ಲ. "ಸರ್, ಇದಕ್ಕ ಇಂಜಿನ್ನೂ ಇಲ್ಲ, ಕಿಡಕೀನೂ ಇಲ್ಲ. ಇದ್ಯಾವ ಗಾಡಿರೀ?" ಎಂದು ಕೇಳಿದ. ಆಗ ನನಗೂ ಸರಿಯಾದ ಉತ್ತರ ಗೊತ್ತಿರಲಿಲ್ಲ. "ನಾಳೆ ಹೇಳ್ತೀನಿ" ಎಂದು ಕಳಿಸಿದೆ. ಶಿಕ್ಷಕರಾದವರಿಗೆ ಇಂಥ "ನಾಳೆ"ಗಳು ಬಹಳ ಕಲಿಸುತ್ತವೆ. ಆ ಒಂದು ಚಿತ್ರದ ಬೆನ್ನು ಹತ್ತಿ ಓದುತ್ತ ಹೋದಾಗ ಇಂಗ್ಲೆಂಡಿನ ರೈಲಿನ ಒಂದು ಅಧ್ಯಾಯ ತಿಳಿಯಿತು. ಅದಕ್ಕಿಂತ ಹೆಚ್ಚಾಗಿ, ನಮ್ಮ ಗೋಕಾಕ, ಹುಕ್ಕೇರಿ ಭಾಗದ ರೈಲಿನ ಬಗ್ಗೆ ನಮ್ಮ ದಾದಾ ಹೇಳುತ್ತಿದ್ದ ಒಂದು ಮಾತಿನ ಅರ್ಥ ತಿಳಿಯಿತು. ಅದನ್ನು ವಿದ್ಯಾರ್ಥಿಗಳೊಂದಿಗೂ ಓದುಗರೊಂದಿಗೂ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ದಾದಾ ಹೇಳಿದ ಮಾತು

ನಮ್ಮ ದಾದಾ ಮೀರಜ್–ಲೋಂಡಾ ಮಾರ್ಗದ ಒಂದು ಸ್ಟೇಶನ್ನಿನಲ್ಲಿ ಬಹಳ ವರ್ಷ ಹಮಾಲಿ ಮಾಡಿದವರು. ಅದು ಮೀಟರ್‌ಗೇಜ್ ಕಾಲ. ಗಾಡಿ ಬರುವ ಮೊದಲೇ ಪಾರ್ಸಲ್‌ಗಳನ್ನು ಕೈಗಾಡಿಯ ಮೇಲೆ ಹೇರಿಕೊಂಡು, ಗಾರ್ಡಿನ ಡಬ್ಬಿ ಎಲ್ಲಿ ಬಂದು ನಿಲ್ಲುತ್ತದೆ ಎಂದು ಅಂದಾಜು ಮಾಡಿ ಅಲ್ಲಿಯೇ ಕಾಯುತ್ತಿದ್ದರಂತೆ. ಗಾಡಿ ನಿಲ್ಲುವುದು ಎರಡು ಮೂರು ನಿಮಿಷ. ಅಷ್ಟರಲ್ಲಿ ಬಂದ ಮಾಲು ಇಳಿಯಬೇಕು, ಹೋಗುವ ಮಾಲು ಏರಬೇಕು, ಲೆಕ್ಕದ ಕಾಗದ ಕೈ ಬದಲಾಗಬೇಕು.

ನಮ್ಮ ಅಬ್ಬಾ ಹೈಸ್ಕೂಲಿನಲ್ಲಿದ್ದಾಗ ಒಂದು ಜೂನ್ ತಿಂಗಳಲ್ಲಿ ಅವರ ಶಾಲೆಗೆ ಉರ್ದು ಪಠ್ಯಪುಸ್ತಕಗಳ ಪೆಟ್ಟಿಗೆ ರೈಲಿನಲ್ಲಿ ಬರುವುದಿತ್ತು. ಗಾಡಿ ಬಂದಿತು, ಪೆಟ್ಟಿಗೆ ಬ್ರೇಕ್‌ವ್ಯಾನಿನೊಳಗೆ ಕಾಣುತ್ತಲೂ ಇತ್ತು. ಆದರೆ ಅದರ ಮೇಲೆ ತರಕಾರಿ ಬುಟ್ಟಿಗಳು ಪೇರಿಸಿದ್ದವು. ಬುಟ್ಟಿಗಳನ್ನು ಸರಿಸುವಷ್ಟರಲ್ಲಿ ಹಸಿರು ನಿಶಾನೆ ಬೀಸಿ ಗಾಡಿ ಹೊರಟಿತು. ಪೆಟ್ಟಿಗೆ ಮುಂದಿನ ಊರುಗಳನ್ನೆಲ್ಲ ಸುತ್ತಿ ಎಂಟು ದಿನದ ನಂತರ ಮರಳಿ ಬಂದಾಗ ಮಳೆಗೆ ತೊಯ್ದು ಅರ್ಧ ಪುಸ್ತಕಗಳು ಅಂಟಿಕೊಂಡಿದ್ದವು. ಆ ವರ್ಷ ಇಬ್ಬರಿಗೆ ಒಂದು ಪುಸ್ತಕ. ತನ್ನ ಮಗನ ಪುಸ್ತಕವನ್ನು ತಾನೇ ಇಳಿಸಿಕೊಳ್ಳಲಾಗಲಿಲ್ಲವೆಂಬ ನೋವು ದಾದಾಗೆ ಕೊನೆಯವರೆಗೂ ಇತ್ತು. ಆದರೆ ಅವರು ಗಾರ್ಡನ್ನು ಎಂದೂ ಬೈಯಲಿಲ್ಲ. "ಗಾಡಿ ಮಂದೀದು. ಪಾರ್ಸಲ್ ಅದರಾಗ ಮೆಹಮಾನ್. ಮೆಹಮಾನರ ಸಲುವಾಗಿ ಗಾಡಿ ನಿಲ್ಲೂದಿಲ್ಲ" ಎನ್ನುತ್ತಿದ್ದರು.

ಪಾರ್ಸಲ್ ಏಕೆ ಮೆಹಮಾನ್ ಆಗಿರಬೇಕು? ಅದಕ್ಕೆ ತನ್ನದೇ ಗಾಡಿ ಇರಬಾರದೇ? ವಿದ್ಯಾರ್ಥಿ ತೋರಿಸಿದ ಚಿತ್ರದ ಗಾಡಿ ಈ ಪ್ರಶ್ನೆಗೆ ಸುಮಾರು ತೊಂಬತ್ತು ವರ್ಷಗಳ ಹಿಂದೆ ಕೊಟ್ಟ ಉತ್ತರವಾಗಿತ್ತು.

ಉಗಿ ಇಂಜಿನ್ನಿನ ಖರ್ಚು

ಉಗಿ ಇಂಜಿನ್ ನೋಡಲು ಬಲಶಾಲಿ. ಆದರೆ ಅದನ್ನು ಸಾಕುವುದು ಆನೆ ಸಾಕಿದಂತೆ. ಬೆಳಿಗ್ಗೆ ಗಾಡಿ ಹೊರಡಬೇಕಾದರೆ ಹಲವು ಗಂಟೆ ಮೊದಲೇ ಬೆಂಕಿ ಹಾಕಬೇಕು. ನೀರು ಕಾದು ಉಗಿಯ ಒತ್ತಡ ಏರುವವರೆಗೆ ಕಾಯಬೇಕು. ನಡೆಸಲು ಡ್ರೈವರ್ ಜೊತೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಬೇಕು. ದಾರಿಯಲ್ಲಿ ನೀರು ತುಂಬಿಸಬೇಕು, ಬೂದಿ ತೆಗೆಯಬೇಕು. ಕೊನೆಯ ಸ್ಟೇಶನ್ನಿನಲ್ಲಿ ಇಂಜಿನ್ನಿನ ಮುಖ ತಿರುಗಿಸಬೇಕು ಅಥವಾ ಗಾಡಿಯ ಇನ್ನೊಂದು ತುದಿಗೆ ತಂದು ಜೋಡಿಸಬೇಕು. ಹತ್ತು ಡಬ್ಬಿಗಳ ತುಂಬ ಜನರಿದ್ದರೆ ಈ ಖರ್ಚು ಹೊರೆಯಾಗುವುದಿಲ್ಲ. ಒಂದು ಡಬ್ಬಿಯಷ್ಟೇ ಜನ ಅಥವಾ ಒಂದು ಡಬ್ಬಿಯಷ್ಟೇ ಮಾಲು ಇದ್ದರೆ ಬಂದ ಹಣಕ್ಕಿಂತ ಖರ್ಚೇ ಹೆಚ್ಚು.

ಜರ್ಮನಿಯ ರುಡಾಲ್ಫ್ ಡೀಸೆಲ್ 1897ರಲ್ಲಿ ಯಶಸ್ವಿಯಾಗಿ ನಡೆಸಿ ತೋರಿಸಿದ ಹೊಸ ಬಗೆಯ ಇಂಜಿನ್ ಈ ಲೆಕ್ಕವನ್ನು ಬದಲಿಸಿತು. ಅದರಲ್ಲಿ ಗಾಳಿಯನ್ನು ಬಲವಾಗಿ ಒತ್ತಿ ಬಿಸಿ ಮಾಡಿ, ಆ ಬಿಸಿಯಿಂದಲೇ ಎಣ್ಣೆ ಹೊತ್ತಿಕೊಳ್ಳುವಂತೆ ಮಾಡಲಾಗುತ್ತದೆ. ಕಿಡಿ ಬೇಡ, ಕುಲುಮೆ ಬೇಡ, ಬಾಯ್ಲರ್ ಬೇಡ. ಮೊದಮೊದಲು ಈ ಇಂಜಿನ್‌ಗಳು ಬಹಳ ಭಾರವಾಗಿದ್ದುದರಿಂದ ಕಾರ್ಖಾನೆಗಳಲ್ಲಿ, ಹಡಗುಗಳಲ್ಲಿ ಬಳಕೆಯಾದವು. 1930ರ ಹೊತ್ತಿಗೆ ಬಸ್ಸು ಲಾರಿಗಳಿಗೆ ಹೊಂದುವಷ್ಟು ಹಗುರಾದ ಡೀಸೆಲ್ ಇಂಜಿನ್‌ಗಳು ತಯಾರಾದವು. 1933ರಲ್ಲಿ ಜರ್ಮನಿಯಲ್ಲಿ ಬರ್ಲಿನ್–ಹ್ಯಾಂಬರ್ಗ್ ನಡುವೆ ಗಂಟೆಗೆ 160 ಕಿಲೋಮೀಟರ್ ವೇಗದ ಡೀಸೆಲ್ ಗಾಡಿಯೊಂದು ಓಡತೊಡಗಿ ಜಗತ್ತಿನ ಗಮನ ಸೆಳೆಯಿತು.

ಬಸ್ಸಿನ ಇಂಜಿನ್ ಹಳಿಯ ಮೇಲೆ

ಅದೇ 1933ರಲ್ಲಿ ಇಂಗ್ಲೆಂಡಿನ ಗ್ರೇಟ್ ವೆಸ್ಟರ್ನ್ ರೈಲ್ವೆ ಎಂಬ ಕಂಪನಿ ಇನ್ನೊಂದು ದಾರಿ ಹಿಡಿಯಿತು. ಲಂಡನ್ನಿನ ಬಸ್ಸುಗಳನ್ನು ತಯಾರಿಸುತ್ತಿದ್ದ ಎಇಸಿ ಎಂಬ ಕಾರ್ಖಾನೆಯ 130 ಅಶ್ವಶಕ್ತಿಯ ಡೀಸೆಲ್ ಇಂಜಿನ್ನನ್ನು ಒಂದು ರೈಲು ಡಬ್ಬಿಗೇ ಅಳವಡಿಸಲಾಯಿತು. ಡಬ್ಬಿಯ ಎರಡೂ ತುದಿಗಳಲ್ಲಿ ಡ್ರೈವರ್ ಕೂಡುವ ಜಾಗ. ಆದ್ದರಿಂದ ಕೊನೆಯ ಸ್ಟೇಶನ್ನಿನಲ್ಲಿ ಗಾಡಿ ತಿರುಗಿಸುವ ಗೊಡವೆಯಿಲ್ಲ. ಡ್ರೈವರ್ ಇಳಿದು ಇನ್ನೊಂದು ತುದಿಗೆ ನಡೆದು ಹೋದರೆ ಸಾಕು. ಇದನ್ನೇ ರೈಲುಕಾರು ಎಂದು ಕರೆದರು. ಗಾಳಿಯನ್ನು ಸೀಳುವಂತೆ ದುಂಡಗೆ ಬಾಗಿಸಿದ ಅದರ ರೂಪ ನೋಡಿ ಜನ ಅದಕ್ಕೆ "ಹಾರುವ ಬಾಳೆಹಣ್ಣು" ಎಂದು ಅಡ್ಡಹೆಸರಿಟ್ಟರು. 69 ಜನ ಕೂಡಬಹುದಾದ ಈ ಮೊದಲ ಗಾಡಿ 1933ರ ಡಿಸೆಂಬರಿನಲ್ಲಿ ಸೇವೆಗೆ ಬಂದಿತು. ಮರುವರ್ಷ ಎರಡು ಇಂಜಿನ್‌ಗಳುಳ್ಳ ವೇಗದ ರೈಲುಕಾರುಗಳು ಬರ್ಮಿಂಗ್‌ಹ್ಯಾಮ್–ಕಾರ್ಡಿಫ್ ನಡುವೆ ಓಡಿದವು.

ಇಲ್ಲಿಯೇ ನಮ್ಮ ದಾದಾ ಕಂಡ ತೊಂದರೆ ಅವರಿಗೂ ಎದುರಾಯಿತು. ಪ್ರಯಾಣಿಕರ ಗಾಡಿಯಲ್ಲಿಯೇ ಪಾರ್ಸಲ್ ಹೋಗುವುದು ಅಲ್ಲಿನ ಪದ್ಧತಿಯೂ ಆಗಿತ್ತು. ಜನ ಏರಿ ಇಳಿಯಲು ಅರ್ಧ ನಿಮಿಷ ಸಾಕಾಗುವ ಕಡೆ ಪೆಟ್ಟಿಗೆ, ಬುಟ್ಟಿಗಳನ್ನು ಇಳಿಸಲು ನಾಲ್ಕಾರು ನಿಮಿಷ ಬೇಕು. ಪ್ರತಿ ಸ್ಟೇಶನ್ನಿನಲ್ಲಿ ಇಷ್ಟಿಷ್ಟೇ ತಡವಾಗುತ್ತ ಹೋದರೆ, ವೇಗದ ಗಾಡಿಯನ್ನು ತಂದದ್ದರ ಲಾಭವೇನು? ಜನರಿಗಾಗಿ ಗಾಡಿ ಓಡಿಸಿದರೆ ಪಾರ್ಸಲ್ ಉಳಿಯುತ್ತದೆ, ಪಾರ್ಸಲ್ಲಿಗಾಗಿ ನಿಲ್ಲಿಸಿದರೆ ಜನ ಗೊಣಗುತ್ತಾರೆ.

17ನೇ ನಂಬರಿನ ಗಾಡಿ

1936ರಲ್ಲಿ ಆ ಕಂಪನಿ ಇದಕ್ಕೆ ಒಂದು ಸರಳ ಪರಿಹಾರ ಹುಡುಕಿತು. ತನ್ನ 17ನೇ ನಂಬರಿನ ರೈಲುಕಾರಿನಲ್ಲಿ ಒಂದು ಆಸನವನ್ನೂ ಹಾಕಲಿಲ್ಲ. ಪ್ರಯಾಣಿಕರ ಕಿಟಕಿಗಳನ್ನು ತೆಗೆದು, ಅಗಲವಾದ ಬಾಗಿಲುಗಳನ್ನಿಟ್ಟು, ಪೂರ್ತಿ ಗಾಡಿಯನ್ನು ಪಾರ್ಸಲ್ಲಿಗೆ ಬಿಟ್ಟುಕೊಟ್ಟಿತು. ವಿದ್ಯಾರ್ಥಿ ತೋರಿಸಿದ ಚಿತ್ರದ ಗಾಡಿ ಇದೇ. ಅದರ ಇಂಜಿನ್ ನೆಲದ ಕೆಳಭಾಗದಲ್ಲಿದ್ದುದರಿಂದ ಹೊರಗೆ ಕಾಣುತ್ತಿರಲಿಲ್ಲ.

ಈ ಗಾಡಿಯಿಂದ ಮೂರು ಅನುಕೂಲಗಳಾದವು. ಮೊದಲನೆಯದು, ಪ್ರಯಾಣಿಕರ ಗಾಡಿಗಳು ಪಾರ್ಸಲ್ಲಿನ ಹೊರೆಯಿಂದ ಬಿಡುಗಡೆಯಾದವು. ಎರಡನೆಯದು, ಪಾರ್ಸಲ್ಲಿಗೆ ತನ್ನದೇ ವೇಳಾಪಟ್ಟಿ ಸಿಕ್ಕಿತು. ಮಾಲು ಇಳಿಸಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಗಾಡಿ ನಿಲ್ಲಬಹುದಾಯಿತು. ಮೂರನೆಯದು, ಒಂದು ಡಬ್ಬಿಯಷ್ಟು ಮಾಲಿಗೆ ಒಂದು ದೊಡ್ಡ ಉಗಿ ಇಂಜಿನ್ ಹೂಡುವ ಅಗತ್ಯ ತಪ್ಪಿತು. ಎರಡನೆಯ ಮಹಾಯುದ್ಧದ ನಡುವೆ, 1941ರಲ್ಲಿ, 34ನೇ ನಂಬರಿನ ಇನ್ನೊಂದು ಪಾರ್ಸಲ್ ರೈಲುಕಾರು ಬಂದಿತು. 1942ರವರೆಗೆ ಆ ಕಂಪನಿ ಕಟ್ಟಿಸಿದ 38 ಡೀಸೆಲ್ ರೈಲುಕಾರುಗಳಲ್ಲಿ ಪಾರ್ಸಲ್ಲಿಗೆಂದೇ ಇದ್ದವು ಇವೆರಡೇ.

1948ರಲ್ಲಿ ಬ್ರಿಟನ್ನಿನ ರೈಲು ಕಂಪನಿಗಳೆಲ್ಲ ಸರಕಾರದ ಒಡೆತನಕ್ಕೆ ಬಂದವು. ಹಳೆಯ ಅನುಭವ ಮರೆಯಾಗಲಿಲ್ಲ. 1959–60ರಲ್ಲಿ ಬ್ರಿಟಿಷ್ ರೈಲ್ವೆ ಗ್ಲಾಸ್ಟರ್ ನಗರದ ಕಾರ್ಖಾನೆಯಲ್ಲಿ ಹತ್ತು ಪಾರ್ಸಲ್ ಗಾಡಿಗಳನ್ನು ಕಟ್ಟಿಸಿತು. ಪ್ರತಿಯೊಂದರಲ್ಲಿ 230 ಅಶ್ವಶಕ್ತಿಯ ಎರಡು ಇಂಜಿನ್‌ಗಳು. ತನ್ನೊಳಗಿನ ಮಾಲಲ್ಲದೆ ಹಿಂದೆ ಬೇರೆ ಪಾರ್ಸಲ್ ಡಬ್ಬಿಗಳನ್ನೂ ಎಳೆಯುವ ಶಕ್ತಿ ಅವಕ್ಕಿತ್ತು. ಮುಂದೆ 128ನೇ ವರ್ಗ ಎಂದು ಹೆಸರಾದ ಈ ಗಾಡಿಗಳು ಮೂವತ್ತು ವರ್ಷ ದುಡಿದು 1990ರಲ್ಲಿ ನಿವೃತ್ತಿಯಾದವು. ಅಷ್ಟರಲ್ಲಿ ಕಾಲ ಬದಲಾಗಿತ್ತು. ಮನೆ ಬಾಗಿಲಿಗೇ ಮಾಲು ತಲುಪಿಸುವ ಲಾರಿಗಳು ಹೆಚ್ಚಿದ್ದವು. ಅಂಗಡಿಯಿಂದ ಪಾರ್ಸಲ್ ಸಂಗ್ರಹಿಸಿ ಮನೆಗೆ ಮುಟ್ಟಿಸುವ ಸೇವೆಯನ್ನು ಬ್ರಿಟಿಷ್ ರೈಲ್ವೆ 1981ರಲ್ಲಿಯೇ ಕೈಬಿಟ್ಟಿತ್ತು. ಆ ಹತ್ತು ಗಾಡಿಗಳಲ್ಲಿ ಒಂದೂ ಇಂದು ವಸ್ತುಸಂಗ್ರಹಾಲಯದಲ್ಲಿ ಸಹ ಉಳಿದಿಲ್ಲ. ಜನರನ್ನು ಹೊತ್ತ ರೈಲುಕಾರುಗಳಲ್ಲಿ ಕೆಲವನ್ನು ಪ್ರೀತಿಯಿಂದ ಕಾಯ್ದಿಟ್ಟಿದ್ದಾರೆ. ಪೆಟ್ಟಿಗೆ ಹೊತ್ತ ಗಾಡಿಗಳ ನೆನಪು ಯಾರಿಗೂ ಇರಲಿಲ್ಲವೆಂದು ತೋರುತ್ತದೆ.

ನಮ್ಮ ಭಾಗಕ್ಕೆ ರೈಲು ಬಂದದ್ದು

ಈಗ ನಮ್ಮ ಕಡೆಗೆ ಬರೋಣ. 1876–78ರ ಭೀಕರ ಬರಗಾಲದಲ್ಲಿ ದಖ್ಖನದ ಹಳ್ಳಿಗಳಿಗೆ ಧಾನ್ಯ ಮುಟ್ಟಿಸಲು ಗಾಡಿಮಾರ್ಗಗಳು ಸಾಲಲಿಲ್ಲ. ಬರ ಬಂದಾಗ ಧಾನ್ಯ ಸಾಗಿಸಬಲ್ಲ ರೈಲು ಮಾರ್ಗಗಳು ಬೇಕೆಂಬ ಒತ್ತಾಯದ ಹಿನ್ನೆಲೆಯಲ್ಲಿ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಅಂದರೆ ನಮ್ಮ ಭಾಗಕ್ಕೆ ರೈಲು ಬಂದ ಮೂಲ ಕಾರಣಗಳಲ್ಲಿ ಮಾಲು ಸಾಗಣೆಯೇ ಮುಖ್ಯವಾದದ್ದು. 1885ರಲ್ಲಿ ಹುಬ್ಬಳ್ಳಿಯಲ್ಲಿ ಕಾರ್ಯಾಗಾರ ಆರಂಭವಾಯಿತು. ಲೋಂಡಾದಿಂದ ಬೆಳಗಾವಿಗೆ 1887ರಲ್ಲಿ ಹಳಿ ಬಂದಿತು. ಮೀರಜ್ ಮೂಲಕ ಪುಣೆಯವರೆಗಿನ ಮೀಟರ್‌ಗೇಜ್ ಮಾರ್ಗ 1890ರಲ್ಲಿ ಪೂರ್ಣವಾಯಿತು. 1908ರಲ್ಲಿ ಈ ಕಂಪನಿ ಮದ್ರಾಸ್ ಆ್ಯಂಡ್ ಸದರ್ನ್ ಮರಾಠಾ ರೈಲ್ವೆಯಾಯಿತು. 1951ರಲ್ಲಿ ದಕ್ಷಿಣ ರೈಲ್ವೆ, 1966ರಲ್ಲಿ ದಕ್ಷಿಣ ಮಧ್ಯ ರೈಲ್ವೆ, 2003ರಿಂದ ಹುಬ್ಬಳ್ಳಿಯನ್ನೇ ಕೇಂದ್ರ ಮಾಡಿಕೊಂಡ ನೈಋತ್ಯ ರೈಲ್ವೆ, ಹೀಗೆ ಹೆಸರುಗಳು ಬದಲಾಗುತ್ತ ಬಂದಿವೆ.

ಈ ಮಾರ್ಗ ನಮ್ಮ ಊರುಗಳ ಮಗ್ಗುಲಲ್ಲಿ ಹಾದುಹೋಗುತ್ತದೆಯೇ ಹೊರತು ಊರೊಳಗೆ ಬರುವುದಿಲ್ಲ. ಗೋಕಾಕದವರಿಗೆ ಘಟಪ್ರಭಾ ಮತ್ತು ಗೋಕಾಕ ರೋಡ್ ನಿಲ್ದಾಣಗಳು, ಹುಕ್ಕೇರಿ ತಾಲೂಕಿಗೆ ಪಾಶ್ಚಾಪುರ. ರೈಲಿನ ಭಾಷೆಯಲ್ಲಿ ಊರ ಹೆಸರಿನ ಮುಂದೆ "ರೋಡ್" ಎಂದಿದ್ದರೆ, ಇಲ್ಲಿ ಇಳಿದು ಇನ್ನೂ ದಾರಿ ನಡೆಯಬೇಕು ಎಂದೇ ತಿಳಿಯಬೇಕು. ಚಿಕ್ಕೋಡಿ ರೋಡ್ ನಿಲ್ದಾಣವೂ ಹಾಗೆಯೇ. ಹುಕ್ಕೇರಿ ಪಟ್ಟಣಕ್ಕೂ, 2018ರಿಂದ ತಾಲೂಕು ಕೇಂದ್ರವಾಗಿರುವ ಮೂಡಲಗಿ ಪಟ್ಟಣಕ್ಕೂ ನಿಲ್ದಾಣವಿಲ್ಲ. ಸ್ಟೇಶನ್ನಿನಲ್ಲಿ ಇಳಿದ ಮಾಲು ಚಕ್ಕಡಿ ಏರಿ, ಮುಂದಿನ ಕಾಲದಲ್ಲಿ ಬಸ್ಸಿನ ಟಪ್ಪು ಏರಿ ಈ ಊರುಗಳನ್ನು ಸೇರಬೇಕಾಗಿತ್ತು. ಆದ್ದರಿಂದ ನಮ್ಮ ವ್ಯಾಪಾರಸ್ಥರಿಗೆ ಸ್ಟೇಶನ್ನಿನ ಪಾರ್ಸಲ್ ಆಫೀಸು ಬಹು ಮುಖ್ಯವಾದ ಜಾಗವಾಗಿತ್ತು.

ಘಟಪ್ರಭೆಯ ನೀರು 170 ಅಡಿ ಎತ್ತರದಿಂದ ಧುಮುಕುವ ಗೋಕಾಕ ಫಾಲ್ಸ್‌ನಲ್ಲಿ ನೀರಿನ ಬಲದಿಂದ ನಡೆಯುವ ನೂಲಿನ ಗಿರಣಿ 1887ರಲ್ಲಿ ಆರಂಭವಾಯಿತು. ಗಿರಣಿಗೆ ಬರುವ ಹತ್ತಿಯ ಅಂಡಿಗೆಗಳಂಥ ದೊಡ್ಡ ಮಾಲಿಗೆ ಗೂಡ್ಸ್ ಗಾಡಿ ತಕ್ಕದ್ದು. ಆದರೆ ಗೋಕಾಕದ ಕರದಂಟು, ಗೋಕಾಕದ ಮರದ ಗೊಂಬೆ, ಬಣ್ಣದ ಕಟ್ಟಿಗೆಯ ಹಣ್ಣುಗಳು, ಸಂಕೇಶ್ವರದ ಮೆಣಸಿನಕಾಯಿಯ ಸಣ್ಣ ಚೀಲ, ಹೊಲಿಗೆ ಯಂತ್ರದ ಬಿಡಿಭಾಗ, ಔಷಧಿ, ಶಾಲೆಯ ಪುಸ್ತಕ, ಇವು ಗೂಡ್ಸ್ ಗಾಡಿಯ ಮಾಲಲ್ಲ. ತೂಕ ಕಡಿಮೆ, ಅವಸರ ಹೆಚ್ಚು. ಗೊಂಬೆಗಳಂತೂ ಜಾಗ ಬಹಳ ಹಿಡಿಯುತ್ತವೆ, ಒಡೆಯುವ ಭಯವೂ ಉಂಟು. ಪಾರ್ಸಲ್ ಎಂಬ ವ್ಯವಸ್ಥೆ ಇರುವುದೇ ಇಂಥ ಸಣ್ಣ ಮಾಲಿಗೆ, ಸಣ್ಣ ವ್ಯಾಪಾರಿಗೆ.

ಭಾಷೆಯ ಶಿಕ್ಷಕನಾಗಿ ಇಲ್ಲಿ ಒಂದು ಸಂಗತಿ ಹೇಳಬೇಕು. ಪಾರ್ಸಲ್, ಟಿಕೇಟು, ಸ್ಟೇಶನ್ ಎಂಬ ಪದಗಳು ರೈಲಿನ ಜೊತೆ ಇಂಗ್ಲಿಷಿನಿಂದ ಬಂದವು. ಆದರೆ ಅದೇ ಪಾರ್ಸಲ್ ಆಫೀಸಿನಲ್ಲಿ ನಾವು ಬಳಸುವ ಮಾಲು, ಹಮಾಲ, ವಸೂಲಿ ಎಂಬವು ಅರಬ್ಬಿ ಮೂಲದವು. ರವಾನೆ, ಗುಮಾಸ್ತ ಎಂಬವು ಫಾರಸಿಯಿಂದ ಬಂದವು. ಹಮಾಲ ಎಂದರೆ ಹೊರುವವನು. ರೈಲು ಬರುವುದಕ್ಕಿಂತ ಬಹಳ ಮೊದಲೇ ಎತ್ತಿನ ಮೇಲೆ ಹೇರು ಹಾಕಿ ಊರೂರಿಗೆ ಮಾಲು ಸಾಗಿಸುವ ವ್ಯಾಪಾರ ನಮ್ಮ ಭಾಗದಲ್ಲಿ ಬೇರೂರಿತ್ತು ಎಂಬುದಕ್ಕೆ ಕನ್ನಡದಲ್ಲಿ ಕರಗಿಹೋದ ಈ ಪದಗಳೇ ಸಾಕ್ಷಿ. ರೈಲು ಹೊಸದಾಗಿತ್ತು, ಹೊರುವ ಕಸುಬು ಹಳೆಯದೇ ಆಗಿತ್ತು.

ಮೀರಜ್ ಜಂಕ್ಷನ್ನಿನ ಮೂರು ಹಳಿಗಳು

1936ರಲ್ಲಿ ಇಂಗ್ಲೆಂಡಿನಲ್ಲಿ ಪಾರ್ಸಲ್ ರೈಲುಕಾರು ಓಡುತ್ತಿದ್ದಾಗ ನಮ್ಮ ಮಾರ್ಗದಲ್ಲಿ ಉಗಿ ಇಂಜಿನ್ನಿನದೇ ರಾಜ್ಯ. ಭಾರತದಲ್ಲಿ ಡೀಸೆಲ್ ಪ್ರಯೋಗ ಅದೇ ಸಮಯದಲ್ಲಿ ನಡೆಯಿತು. 1935ರಲ್ಲಿ ನಾರ್ತ್ ವೆಸ್ಟರ್ನ್ ರೈಲ್ವೆಗೆ 1200 ಅಶ್ವಶಕ್ತಿಯ ಎರಡು ಡೀಸೆಲ್ ಇಂಜಿನ್‌ಗಳು ಬಂದವು. ಆದರೆ ಅವು ಹೆಚ್ಚು ಕಾಲ ನಡೆಯಲಿಲ್ಲ. ಮೀಟರ್‌ಗೇಜ್ ಮಾರ್ಗಗಳಿಗೆ ಡೀಸೆಲ್ ಇಂಜಿನ್‌ಗಳು ದೊಡ್ಡ ಸಂಖ್ಯೆಯಲ್ಲಿ ಬಂದದ್ದು 1960ರ ದಶಕದಿಂದ ಈಚೆಗೆ. ಮೊದಲು ಅಮೆರಿಕದಿಂದ, ಆಮೇಲೆ ವಾರಾಣಸಿಯ ಕಾರ್ಖಾನೆಯಿಂದ. ಆದರೆ ಅವು ಬಂದದ್ದು ಹಳೆಯ ಗಾಡಿಯನ್ನು ಎಳೆಯುವ ಹೊಸ ಇಂಜಿನ್‌ಗಳಾಗಿ. ಉಗಿಯ ಜಾಗದಲ್ಲಿ ಡೀಸೆಲ್ ನಿಂತಿತು, ಹಿಂದಿನ ಡಬ್ಬಿಗಳು ಮಾತ್ರ ಅವೇ. ಪಾರ್ಸಲ್ ಎಂದಿನಂತೆ ಗಾರ್ಡಿನ ಡಬ್ಬಿಯ ಪಕ್ಕದ ಕೋಣೆಯಲ್ಲಿ ಪ್ರಯಾಣ ಮಾಡಿತು. ಇಂಜಿನ್ ಬದಲಾದರೂ ಮೆಹಮಾನಿನ ಸ್ಥಿತಿ ಬದಲಾಗಲಿಲ್ಲ.

ನಮ್ಮ ಪಾರ್ಸಲ್‌ಗಳಿಗೆ 1971ರಲ್ಲಿ ಇನ್ನೊಂದು ಅಡಚಣೆ ಬಂದಿತು. ಅದುವರೆಗೆ ಪುಣೆಯಲ್ಲಿ ಏರಿಸಿದ ಪೆಟ್ಟಿಗೆ ಅದೇ ಮೀಟರ್‌ಗೇಜ್ ಹಳಿಯ ಮೇಲೆ ನೇರವಾಗಿ ಘಟಪ್ರಭಾಕ್ಕೆ ಬರಬಹುದಿತ್ತು. 1971ರಲ್ಲಿ ಪುಣೆ–ಮೀರಜ್ ಮಾರ್ಗ ಬ್ರಾಡ್‌ಗೇಜ್ ಆಯಿತು. ಮೀರಜಿನಿಂದ ಲೋಂಡಾದವರೆಗಿನ 186 ಕಿಲೋಮೀಟರ್ ಮಾತ್ರ ಮೀಟರ್‌ಗೇಜ್ ಆಗಿಯೇ ಉಳಿಯಿತು. ಅದರ ಜೊತೆಗೆ ಮೀರಜಿಗೆ ಬಾರ್ಸಿ ಲೈಟ್ ರೈಲ್ವೆಯ ಎರಡೂವರೆ ಅಡಿಯ ನ್ಯಾರೋಗೇಜ್ ಗಾಡಿಯೂ ಬರುತ್ತಿತ್ತು. 1897ರಲ್ಲಿ ಬಾರ್ಸಿಯಲ್ಲಿ ಹುಟ್ಟಿದ ಆ ಮಾರ್ಗ ಪಂಢರಪುರ ದಾಟಿ 1927ರಲ್ಲಿ ಮೀರಜ್ ಮುಟ್ಟಿತ್ತು. ಹೀಗೆ ಒಂದೇ ಜಂಕ್ಷನ್ನಿನಲ್ಲಿ ಮೂರು ಅಳತೆಯ ಹಳಿಗಳು. ರೈಲಿನ ಅಭಿಮಾನಿಗಳಿಗೆ ಅದು ನೋಡುವ ದೃಶ್ಯವಾಗಿತ್ತು. ಪಾರ್ಸಲ್ಲಿಗೆ ಮಾತ್ರ ಒಂದು ಗಾಡಿಯಿಂದ ಇಳಿದು, ಹಮಾಲರ ತಲೆಯ ಮೇಲೆ ಫ್ಲಾಟ್‌ಫಾರ್ಮ್ ದಾಟಿ, ಇನ್ನೊಂದು ಗಾಡಿ ಏರುವ ಕೆಲಸ. ಪ್ರತಿ ಏರಿಳಿತದಲ್ಲಿ ಒಂದಿಷ್ಟು ತಡ, ಒಂದಿಷ್ಟು ಒಡಕು. ಎರಡು ದಶಕಕ್ಕೂ ಹೆಚ್ಚು ಕಾಲ ಇದು ನಡೆಯಿತು. 1990ರ ದಶಕದಲ್ಲಿ ಮೀರಜ್–ಲೋಂಡಾ ಮಾರ್ಗ ಬ್ರಾಡ್‌ಗೇಜ್ ಆದ ಮೇಲೆಯೇ ಆ ಬವಣೆ ತಪ್ಪಿದ್ದು.

ನಮ್ಮ ರಾಜ್ಯದ ರೈಲುಕಾರುಗಳು

ಹಾಗಾದರೆ ಕರ್ನಾಟಕದಲ್ಲಿ ರೈಲುಕಾರು ಬರಲೇ ಇಲ್ಲವೇ? ಬಂದಿತ್ತು, ಆದರೆ ಬೇರೆ ಹೆಸರಿನಿಂದ. ಬ್ರಾಡ್‌ಗೇಜ್ ಆಗುವ ಮೊದಲು ಶಿವಮೊಗ್ಗ–ತಾಳಗುಪ್ಪ ಮೀಟರ್‌ಗೇಜ್ ಮಾರ್ಗದಲ್ಲಿ "ರೈಲ್‌ಬಸ್" ಓಡುತ್ತಿದ್ದುದನ್ನು ಮಲೆನಾಡಿನವರು ಇಂದಿಗೂ ನೆನೆಯುತ್ತಾರೆ. ಬಂಗಾರಪೇಟೆ–ಕೋಲಾರ ನಡುವೆಯೂ ರೈಲ್‌ಬಸ್ ಇತ್ತು. ಜನ ಕಡಿಮೆ ಇರುವ ಮಾರ್ಗದಲ್ಲಿ ದೊಡ್ಡ ಇಂಜಿನ್ ಹೂಡದೆ, ತಾನೇ ನಡೆಯುವ ಒಂದು ಸಣ್ಣ ಡೀಸೆಲ್ ಗಾಡಿ ಓಡಿಸುವ 1933ರ ಯೋಚನೆಯೇ ಅದು. ಇಂಥ ರೈಲ್‌ಬಸ್ಸುಗಳನ್ನು ನಮ್ಮ ಬೆಂಗಳೂರಿನ ಬಿಇಎಂಎಲ್ ಸಂಸ್ಥೆ ತಯಾರಿಸಿದೆ ಎಂಬುದು ಹೆಮ್ಮೆಯ ಸಂಗತಿ. ಅದೇ ತತ್ವದ ಮೇಲೆ, ಆದರೆ ಹಲವು ಡಬ್ಬಿಗಳನ್ನು ಜೋಡಿಸಿ ಮಾಡಿದ ಡೆಮು ಗಾಡಿಗಳು 1994ರಿಂದ ಭಾರತದಲ್ಲಿ ಓಡುತ್ತಿವೆ. ಆದರೆ ಇವೆಲ್ಲವೂ ಜನರಿಗಾಗಿ. 17ನೇ ನಂಬರಿನಂತೆ ಪಾರ್ಸಲ್ಲಿಗೆಂದೇ ಮೀಸಲಾದ ರೈಲುಕಾರು ಘಟಪ್ರಭಾ ಸೇತುವೆ ದಾಟಲಿಲ್ಲ.

ಪಾರ್ಸಲ್ಲಿನ ಜಾಗ ಹೋದದ್ದು

ಬ್ರಾಡ್‌ಗೇಜ್ ಬಂದ ಮೇಲೆ ಗಾಡಿಗಳ ವೇಗ ಹೆಚ್ಚಿತು, ದೂರದ ಊರುಗಳಿಗೆ ನೇರ ಗಾಡಿಗಳು ಬಂದವು. ಇದರಿಂದ ನಮ್ಮ ಭಾಗದ ವಿದ್ಯಾರ್ಥಿಗಳಿಗೆ, ನೌಕರರಿಗೆ, ರೋಗಿಗಳಿಗೆ ಆದ ಅನುಕೂಲ ಸಣ್ಣದಲ್ಲ. ಅದನ್ನು ಮರೆಯಬಾರದು. ಆದರೆ ವೇಗದ ಗಾಡಿ ಸಣ್ಣ ಸ್ಟೇಶನ್ನಿನಲ್ಲಿ ನಿಲ್ಲುವುದು ಕಡಿಮೆ, ನಿಂತರೂ ಒಂದೆರಡು ನಿಮಿಷ. ಎರಡು ನಿಮಿಷದಲ್ಲಿ ಗೊಂಬೆಯ ಬುಟ್ಟಿ ಏರಿಸಲು ಆದೀತೇ?

ಇದರ ಜೊತೆಗೆ ರೈಲ್ವೆಯ ನೀತಿಯೂ ಬದಲಾಯಿತು. 1980ರ ದಶಕದಿಂದ ಒಂದು ಊರಿನಿಂದ ಇನ್ನೊಂದು ಊರಿಗೆ ಪೂರ್ತಿ ಗಾಡಿಯ ತುಂಬ ಒಂದೇ ಮಾಲು ಒಯ್ಯುವುದಕ್ಕೆ ಒತ್ತು ಬಂದಿತು. ಕಲ್ಲಿದ್ದಲು, ಸಿಮೆಂಟು, ಅದಿರು, ಗೊಬ್ಬರಗಳಿಗೆ ಇದು ಒಳ್ಳೆಯ ವ್ಯವಸ್ಥೆ. ಚಿಲ್ಲರೆ ಮಾಲು ಮಾತ್ರ ಲೆಕ್ಕದಿಂದ ಜಾರಿತು. 1990ರ ದಶಕದಿಂದ ಪ್ರಯಾಣಿಕರ ಗಾಡಿಯ ಲಗೇಜ್ ಕೋಣೆಗಳನ್ನು ಗುತ್ತಿಗೆಗೆ ಕೊಡುವ ಪದ್ಧತಿ ಬಂದಿತು. ಕೋಣೆ ಪೂರ್ತಿ ಹಿಡಿಯಬಲ್ಲ ದೊಡ್ಡ ವ್ಯಾಪಾರಿಗೆ ಇದು ಅನುಕೂಲ. ವಾರಕ್ಕೆ ಎರಡು ಬುಟ್ಟಿ ಕಳಿಸುವ ಗೊಂಬೆ ಮಾಡುವವನಿಗೆ ಅಲ್ಲಿ ಜಾಗವಿಲ್ಲ. ಅವನು ಲಾರಿ ಟ್ರಾನ್ಸ್‌ಪೋರ್ಟಿನ ಕಡೆ ಹೋದ. ನಮ್ಮ ದಾದಾ ಕೈಗಾಡಿ ಬಿಟ್ಟು ಸಂತೆಯಲ್ಲಿ ಉಳ್ಳಾಗಡ್ಡಿ ವ್ಯಾಪಾರಕ್ಕೆ ಕೂತರು.

ಇಲ್ಲಿ ನಾವು ನ್ಯಾಯವಾಗಿ ಯೋಚಿಸಬೇಕು. ಪ್ರತ್ಯೇಕ ಪಾರ್ಸಲ್ ಗಾಡಿ ಇದ್ದಿದ್ದರೆ ಎಲ್ಲವೂ ಸರಿಯಾಗಿರುತ್ತಿತ್ತು ಎಂದು ಹೇಳಲಾಗದು. ಆ ಗಾಡಿ ಹುಟ್ಟಿದ ಇಂಗ್ಲೆಂಡಿನಲ್ಲಿಯೇ ಮೊದಲು ಎರಡು, ನಂತರ ಹತ್ತು ಇಂಥ ಗಾಡಿಗಳಿಂದ ಲಾರಿಯ ಪೈಪೋಟಿಯನ್ನು ತಡೆಯಲಾಗಲಿಲ್ಲ. ರೈಲು ಸ್ಟೇಶನ್ನಿಗೆ ಮುಟ್ಟಿಸುತ್ತದೆ, ಲಾರಿ ಅಂಗಡಿಗೆ ಮುಟ್ಟಿಸುತ್ತದೆ. "ರೋಡ್" ಎಂಬ ಹೆಸರಿನ ಸ್ಟೇಶನ್ನುಗಳೇ ಇರುವ ನಮ್ಮಂಥ ಭಾಗದಲ್ಲಿ ಈ ವ್ಯತ್ಯಾಸ ಇನ್ನೂ ದೊಡ್ಡದು. ಆದರೂ ಮೂವತ್ತು ವರ್ಷ ಆ ಹತ್ತು ಗಾಡಿಗಳು ದುಡಿದವು. ಸಣ್ಣ ಮಾಲನ್ನು ಗೌರವದಿಂದ, ಅದರದೇ ವೇಳೆಯಲ್ಲಿ ಸಾಗಿಸಬಹುದು ಎಂದು ತೋರಿಸಿಕೊಟ್ಟವು.

ಮರಳಿ ಬಂದ ಯೋಚನೆ

ಹಳೆಯ ಯೋಚನೆಗಳು ಸಾಯುವುದಿಲ್ಲ, ಅಗತ್ಯ ಬಂದಾಗ ಎದ್ದು ಬರುತ್ತವೆ. 2020ರ ಮಾರ್ಚಿನಲ್ಲಿ ಕೊರೊನಾದಿಂದ ಲಾಕ್‌ಡೌನ್ ಆಗಿ ದೇಶದ ಪ್ರಯಾಣಿಕರ ಗಾಡಿಗಳೆಲ್ಲ ನಿಂತಾಗ, ಔಷಧಿ ಮತ್ತು ಆಹಾರ ಸಾಗಿಸಲು ರೈಲ್ವೆಯು ವೇಳಾಪಟ್ಟಿ ಹಾಕಿ ಪಾರ್ಸಲ್ ವಿಶೇಷ ಗಾಡಿಗಳನ್ನು ಓಡಿಸಿತು. ಜನರ ಗಾಡಿ ನಿಂತ ದಿನ ಮೆಹಮಾನನೇ ಮನೆಯ ಯಜಮಾನನಾದ! ಅದೇ ವರ್ಷ ಆಗಸ್ಟಿನಲ್ಲಿ ರೈತರ ಹಣ್ಣು ತರಕಾರಿಗಳಿಗಾಗಿ ಕಿಸಾನ್ ರೈಲು ಮಹಾರಾಷ್ಟ್ರದ ದೇವಳಾಲಿಯಿಂದ ಹೊರಟಿತು. ಸೆಪ್ಟೆಂಬರಿನಲ್ಲಿ ಬೆಂಗಳೂರಿನಿಂದ ಹುಬ್ಬಳ್ಳಿ ಮಾರ್ಗವಾಗಿ ದಿಲ್ಲಿಯ ಕಡೆಗೆ ಇಂಥ ಗಾಡಿ ಹೋಯಿತು.

ರಸ್ತೆಯ ಮೇಲೂ ಇದೇ ಕಥೆ ನಡೆದಿದೆ. 2021ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದ ಸಾರಿಗೆ ನಿಗಮಗಳು ಬಸ್ಸುಗಳಲ್ಲಿ ಪಾರ್ಸಲ್ ಸಾಗಿಸುವ "ನಮ್ಮ ಕಾರ್ಗೋ" ಸೇವೆ ಆರಂಭಿಸಿದವು. ಪ್ರಯಾಣಿಕರ ಬಸ್ಸಿನಲ್ಲಿ ಪಾರ್ಸಲ್ ಮತ್ತೆ ಮೆಹಮಾನ್ ಆಯಿತು. 2023ರ ಡಿಸೆಂಬರಿನಲ್ಲಿ ಕೆಎಸ್‌ಆರ್‌ಟಿಸಿ ಪಾರ್ಸಲ್ಲಿಗೆಂದೇ 20 ಲಾರಿಗಳನ್ನು ರಸ್ತೆಗಿಳಿಸಿತು. ಮೊದಲು ಜನರ ಗಾಡಿಯಲ್ಲಿ ಒಂದು ಮೂಲೆ, ಆಮೇಲೆ ತನ್ನದೇ ಗಾಡಿ. 1933ರಿಂದ 1936ರವರೆಗೆ ಇಂಗ್ಲೆಂಡಿನಲ್ಲಿ ನಡೆದ ಹೆಜ್ಜೆಗಳೇ ಇವು.

ಮೀರಜ್–ಲೋಂಡಾ ಮಾರ್ಗಕ್ಕೆ ಈಗ ವಿದ್ಯುತ್ ತಂತಿಯೂ ಬಂದಿದೆ. ಉಗಿ ಹೋಯಿತು, ಮೀಟರ್‌ಗೇಜ್ ಹೋಯಿತು, ಡೀಸೆಲ್ಲಿನ ಕಾಲವೂ ಮುಗಿಯುತ್ತಿದೆ. ಆದರೆ ಗೋಕಾಕದ ಬುಟ್ಟಿ, ಮೂಡಲಗಿಯ ಚೀಲ, ಹುಕ್ಕೇರಿಯ ಪೆಟ್ಟಿಗೆಗಳಿಗೆ ಇಂದಿಗೂ ದಾರಿ ಬೇಕು. ದಿನಕ್ಕೆ ಒಮ್ಮೆ ಹುಬ್ಬಳ್ಳಿ–ಮೀರಜ್ ನಡುವೆ, ಸಣ್ಣ ಸ್ಟೇಶನ್ನುಗಳಲ್ಲಿ ಹತ್ತು ನಿಮಿಷ ನಿಲ್ಲುವ ಒಂದು ಪಾರ್ಸಲ್ ಗಾಡಿಯನ್ನು, ಸ್ಟೇಶನ್ನಿನಿಂದ ಊರಿಗೆ ಒಯ್ಯುವ ಸಣ್ಣ ವಾಹನಗಳ ಜೊತೆ ಜೋಡಿಸಿ ಓಡಿಸಿದರೆ ಹೇಗೆ ಎಂಬುದು ಲೆಕ್ಕ ಹಾಕಿ ನೋಡಬೇಕಾದ ವಿಷಯ. ಕನಸೆಂದು ತಳ್ಳಿಹಾಕುವಂಥದ್ದಲ್ಲ. ನಮ್ಮ ವಿದ್ಯಾರ್ಥಿಗಳಲ್ಲಿ ಯಾರಾದರೂ ನಾಳೆ ರೈಲ್ವೆಯ ಇಂಜಿನಿಯರೋ ಅಧಿಕಾರಿಯೋ ಆದರೆ ಈ ಲೆಕ್ಕವನ್ನು ಅವರೇ ಹಾಕಲಿ.

ಕೊನೆಯದಾಗಿ ಒಂದು ಮನವಿ. ನಿಮ್ಮ ಮನೆಯ ಟ್ರಂಕಿನಲ್ಲಿ ಹಳೆಯ ಬಿಲ್ಟಿ, ಪಾರ್ಸಲ್ ರಸೀದಿ, ಮೀಟರ್‌ಗೇಜ್ ಕಾಲದ ಟಿಕೇಟು ಇದ್ದರೆ ಎಸೆಯಬೇಡಿ. ಸ್ಟೇಶನ್ನಿನಲ್ಲಿ ದುಡಿದ ಹಿರಿಯರು ಇನ್ನೂ ಇದ್ದರೆ ಅವರ ಹತ್ತಿರ ಕೂತು ಕೇಳಿ ಬರೆದುಕೊಳ್ಳಿ. ರಾಜರ ಇತಿಹಾಸಕ್ಕೆ ಶಾಸನಗಳಿವೆ. ಹಮಾಲರ ಇತಿಹಾಸಕ್ಕೆ ನಮ್ಮ ನೆನಪಷ್ಟೇ ಇದೆ.

ಆ ವಿದ್ಯಾರ್ಥಿಗೆ ಮರುದಿನ ಕೊಡಬೇಕಾದ ಉತ್ತರವನ್ನು ನಾನು ಕೊಟ್ಟದ್ದು ಹದಿನೈದು ದಿನದ ನಂತರ. ಎಲ್ಲವನ್ನೂ ಕೇಳಿದ ಮೇಲೆ ಅವನು, "ಸರ್, ಆ ಗಾಡಿ ನಮ್ಮ ಕಡೆ ಇದ್ದಿದ್ದರ ನಿಮ್ಮ ಅಬ್ಬಾಗ ಪುಸ್ತಕ ಸಿಗ್ತಿತ್ತಲ್ರೀ" ಎಂದ. ಹೌದು, ಸಿಗುತ್ತಿತ್ತು.